ಕೆಟ್ಟ ಚಿತ್ರಪಟಗಳು

ವಿರಾಮದ ವೇಳೆಯಲ್ಲಿ ನಾಲ್ಕು ಜನ ಕೂಡಿದಲ್ಲಿ, ತಾವು ಕಂಡ ಚಿತ್ರಪಟಗಳಲ್ಲೆಲ್ಲ ಉತ್ತಮವಾದುದು ಯಾವುದೆಂದು ಕೇಳಿ ನೋಡಿರಿ. ಒಬ್ಬನು ಜಂತಿಯ ಕಡೆಗೆ ನೋಡುವನು; ಮತ್ತೊಬ್ಬನು ಎರಡು ಹೆಸರು ಹೇಳಿ ಮೂರನೆಯದಕ್ಕೆ ತಡವರಿಸುವನು; ಮಗದೊಬ್ಬನು ವಯಸ್ಸಿನೊಡನೆ ಅಭಿರುಚಿಯೂ ಬದಲಾಗುವುದೆಂದು ತತ್ತ್ವಜ್ಞಾನಕ್ಕೆ ತೊಡಗುವನು. ಅದೇ ಜನರನ್ನು ಅತ್ಯಂತ ಕೆಟ್ಟ ಚಿತ್ರಪಟ ಯಾವುದೆಂದು ಕೇಳಿರಿ. ಉತ್ತರವು ಕ್ಷಣಮಾತ್ರದಲ್ಲಿ ಬರುತ್ತದೆ. ಯಾವ ಊರು, ಯಾವ ಥಿಯೇಟರು, ಯಾರ ಒತ್ತಾಯದಿಂದ ಹೋದದ್ದು, ತಿಕೀಟಿಗೆ ಎಷ್ಟು ಕೊಟ್ಟದ್ದು, ಎಲ್ಲವೂ ನೆನಪಿನಲ್ಲಿರುತ್ತದೆ. ಉಂಡ ಅನ್ನವನ್ನು ಮರೆತವರೂ ಹಲ್ಲಿಗೆ ಸಿಕ್ಕ ಹರಳನ್ನು ಮರೆಯುವುದಿಲ್ಲ.

ಇಂಥ ವಿಷಯಕ್ಕೆ ಸಾಹಿತ್ಯದ ಪತ್ರಿಕೆಯಲ್ಲಿ ಸ್ಥಳವೆಲ್ಲಿಯದೆಂದು ಕೆಲವರು ಕೇಳಬಹುದು. ಕೆಟ್ಟದ್ದರ ವಿಚಾರವನ್ನು ನಮ್ಮ ಪೂರ್ವಿಕರು ಕೀಳೆಂದು ಬಗೆದವರಲ್ಲ. ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ನಿರ್ಣಯವಾಗಿದೆ. ಅದಲ್ಲದೆ ನಮ್ಮ ಬಾಗಲಕೋಟೆಯ ಸೀಮೆಯು ನೋಟದ ರುಚಿಯನ್ನು ಬಲ್ಲ ಸೀಮೆ. ಕಂದಗಲ್ಲ ಹನುಮಂತರಾಯರು ಹುಟ್ಟಿದ್ದು ಹುನಗುಂದದ ನಾಡಿನಲ್ಲಿ. ಅವರ ‘ರಕ್ತರಾತ್ರಿ’ಯ ಮಾತುಗಳನ್ನು ಬಾಯಿಪಾಠ ಒಪ್ಪಿಸಬಲ್ಲ ಒಕ್ಕಲಿಗರನ್ನೂ ನೇಕಾರರನ್ನೂ ನಾನು ಕಂಡಿದ್ದೇನೆ. ಶಕುನಿಯ ಒಂದು ಮಾತು ತಪ್ಪಿದರೆ ನೆಲದ ಮೇಲೆ ಕುಳಿತವರೇ ಅದನ್ನು ತಿದ್ದಿ ಕೂಗುತ್ತಿದ್ದರು. ಇಂಥ ಪ್ರೇಕ್ಷಕರ ಮುಂದೆ ಕೆಟ್ಟ ಚಿತ್ರವು ಸುಮ್ಮನೆ ದಾಟಿ ಹೋಗಲಾರದು.

ಹೊರಗಿನ ಜಗತ್ತಿನಲ್ಲಿ ಈ ವಿಚಾರವು ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಅಮೆರಿಕೆಯ ಮೆಡ್ವೆಡ್ ಸೋದರರು 1980ರಲ್ಲಿ ಇದಕ್ಕಾಗಿಯೇ ಒಂದು ಪುಸ್ತಕವನ್ನು ಹೊರಡಿಸಿ, ಓದುಗರ ಮತಗಳ ಪ್ರಕಾರ ‘ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್’ ಎಂಬ ಚಿತ್ರಕ್ಕೆ ಸಾರ್ವಕಾಲಿಕ ಕನಿಷ್ಠತೆಯ ಪಟ್ಟವನ್ನು ಕಟ್ಟಿದರು. ಎಡ್ ವುಡ್ ಎಂಬವನು ಮಾಡಿದ ಈ ಚಿತ್ರದಲ್ಲಿ ಆಕಾಶದಿಂದ ಬರುವ ತಟ್ಟೆಗಳು ದಾರಕ್ಕೆ ಜೋತುಬಿದ್ದು ಓಲಾಡುತ್ತವೆ. ಡ್ರಾಕುಲಾ ಎಂದು ಖ್ಯಾತನಾದ ಬೇಲಾ ಲುಗೋಸಿಯು 1956ರಲ್ಲಿ ತೀರಿಕೊಂಡನು. ಅವನನ್ನು ಕುರಿತು ತೆಗೆದ ಕೆಲವೇ ನಿಮಿಷಗಳ ಚಿತ್ರ ಮಾತ್ರ ಕೈಯಲ್ಲಿತ್ತು. ಎಡ್ ವುಡ್ಡನು ಎದೆಗುಂದಲಿಲ್ಲ. ತನ್ನ ಹೆಂಡತಿಯ ಬೆನ್ನುಮೂಳೆಗೆ ಚಿಕಿತ್ಸೆ ಮಾಡುತ್ತಿದ್ದ ಒಬ್ಬ ಗೃಹಸ್ಥನನ್ನು ಕರೆತಂದು, ಮುಖಕ್ಕೆ ಕರಿಯ ನಿಲುವಂಗಿಯನ್ನು ಅಡ್ಡ ಹಿಡಿಸಿ, ಸತ್ತವನ ಪಾತ್ರವನ್ನು ಅವನಿಂದಲೇ ಮುಗಿಸಿದನು! 2003ರ ‘ದಿ ರೂಮ್’ ಎಂಬುದು ಇನ್ನೊಂದು ಮಾದರಿ. ಅದರ ಗೋಡೆಯ ಮೇಲೆ ಕಾರಣವಿಲ್ಲದೆ ಒಂದು ಚಮಚೆಯ ಚಿತ್ರ ತೂಗುತ್ತದೆ. ಅದು ತೆರೆಯ ಮೇಲೆ ಬಂದಾಗಲೆಲ್ಲ ಪ್ರೇಕ್ಷಕರು ಮನೆಯಿಂದ ತಂದ ಚಮಚೆಗಳನ್ನು ತೂರುವ ಸಂಪ್ರದಾಯವೇ ಬೆಳೆದಿದೆ.

ಇವನ್ನು ಕನಿಷ್ಠವೆಂದು ಒಪ್ಪಲು ನನ್ನ ಮನಸ್ಸು ಬರುವುದಿಲ್ಲ. ಬಡತನವು ದೋಷವಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಕೌರವನ ಆಸ್ಥಾನದ ಪರದೆಯೇ ಮರುದಿನ ಸಾವುಕಾರನ ಪಡಸಾಲೆಯಾಗುತ್ತಿತ್ತು. ಭೀಮನ ಗದೆಯು ಕೈಜಾರಿ ಬಿದ್ದರೆ ಡಬ್ಬಿಯ ಸಪ್ಪಳವಾಗುತ್ತಿತ್ತು. ಅದಕ್ಕಾಗಿ ಯಾರೂ ಎದ್ದು ಹೋಗಲಿಲ್ಲ. ಎಡ್ ವುಡ್ಡನಿಗೆ ತಾನು ಮಾಡುತ್ತಿದ್ದುದರಲ್ಲಿ ನಂಬಿಗೆಯಿತ್ತು. ನಂಬಿದವನನ್ನು ಕಂಡು ನಗುವ ನಗೆಯಲ್ಲಿ ಅರ್ಧ ಪ್ರೀತಿಯೇ ಇರುತ್ತದೆ.

ಬಾದಾಮಿಯ ಹತ್ತಿರದ ಬನಶಂಕರಿಯ ಜಾತ್ರೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಬಹುದಿನಗಳವರೆಗೆ ಜನವು ಕರಗುವುದಿಲ್ಲ. ನಾಟಕದ ಕಂಪನಿಗಳು ಸಾಲಾಗಿ ಬೀಡುಬಿಡುತ್ತವೆ. ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಮೊಸರು ಹೊತ್ತ ಹೆಣ್ಣುಮಕ್ಕಳು ಗಿಡದ ನೆರಳಿನಲ್ಲಿ ಕೂಡಿಸಿ ಊಟಕ್ಕೆ ಬಡಿಸುತ್ತಾರೆ. ಅಲ್ಲಿ ಸಿನೆಮಾದ ತಂಬುಗಳೂ ಬರುತ್ತಿದ್ದ ಕಾಲದಲ್ಲಿ ನಡೆದ ಮಾತಿದು. ಚಿತ್ರದ ಸುರುಳಿಯೊಂದಕ್ಕೆ 1000 ಅಡಿ. ಅದು ಸುಮಾರು 11 ನಿಮಿಷ ಓಡುವುದು. ತಂಬಿನಲ್ಲಿ ಯಂತ್ರವು ಒಂದೇ ಇದ್ದುದರಿಂದ ಸುರುಳಿ ತೀರಿದೊಡನೆ ದೀಪ ಹತ್ತಬೇಕು, ಮುಂದಿನದನ್ನು ಏರಿಸಬೇಕು. ಆ ರಾತ್ರಿ ಯಂತ್ರದವನು ನಿದ್ದೆಗಣ್ಣಿನಲ್ಲಿ ಸುರುಳಿಗಳನ್ನು ಹಿಂದುಮುಂದು ಮಾಡಿದ್ದನು. ಹಾವು ಕಡಿದು ತೀರಿಕೊಂಡು, ಮಗನು ಗೋಳಾಡಿ ಬೆಂಕಿಯಿಟ್ಟಿದ್ದ ತಂದೆಯು ಮುಂದಿನ ಸುರುಳಿಯಲ್ಲಿ ಚಹಾ ಕುಡಿಯುತ್ತ ಮಗಳ ಮದುವೆಯ ಮಾತು ತೆಗೆದನು. ತಂಬಿನಲ್ಲಿ ಒಬ್ಬರೂ ಕೂಗಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತ್ರ, “ಇಂವಾ ಅವಳಿ-ಜವಳಿ ಇರಬೇಕ್ರೀ, ಇನ್ನೊಬ್ಬಾಂವ” ಎಂದು ಸಮಾಧಾನ ಮಾಡಿಕೊಂಡರು. ಆಟ ಮುಗಿದ ಮೇಲೆ ಯಂತ್ರದವನೇ ಬಂದು ತಪ್ಪೊಪ್ಪಿಕೊಂಡಾಗ ನಮಗೆ ನಿಜ ತಿಳಿಯಿತು. ‘ರಕ್ತರಾತ್ರಿ’ಯ ಎರಡು ಪ್ರವೇಶಗಳನ್ನು ಹೀಗೆ ಅದಲುಬದಲು ಮಾಡಿದ್ದರೆ ಅದೇ ಜನರು ತಂಬಿನ ಗೂಟ ಕೀಳುತ್ತಿದ್ದರು. ಕೆಟ್ಟ ಚಿತ್ರವನ್ನು ಅಳೆಯಲು ನನ್ನಲ್ಲಿರುವ ಒಂದು ಕೋಲು ಇದು.

ಇನ್ನೊಂದು ಬಗೆಯ ಕೆಡುಕಿದೆ. ಅದರಲ್ಲಿ ಹಣಕ್ಕೆ ಕೊರತೆಯಿಲ್ಲ, ಕಸಬಿಗೂ ಕೊರತೆಯಿಲ್ಲ. 1975ರ ‘ಶೋಲೆ’ಯನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಕಥೆಯು ಉತ್ತರದೇಶದ್ದೇ ಇರಲಿ. ಆ ಗಬ್ಬರಸಿಂಗನು ಹೆಬ್ಬಂಡೆಯ ಮೇಲೆ ನಿಂತಾಗ ಅವನ ಕ್ರೌರ್ಯಕ್ಕೂ ಕಲ್ಲಿಗೂ ನಂಟಿರುವಂತೆ ತೋರುತ್ತದೆ. 2007ರಲ್ಲಿ ರಾಮಗೋಪಾಲ ವರ್ಮರು ಅದೇ ಕಥೆಯನ್ನು ‘ಆಗ್’ ಎಂಬ ಹೆಸರಿನಿಂದ ಮತ್ತೆ ತೆಗೆದರು. ಅಮಿತಾಭ ಬಚ್ಚನರೇ ಈ ಸಲ ದುಷ್ಟನ ಪಾತ್ರಕ್ಕೆ ನಿಂತರು. ಹಿಂದೀ ಚಿತ್ರಗಳಲ್ಲಿ ಕನಿಷ್ಠವಾದುದನ್ನು ಎಣಿಸುವವರು ಇಂದಿಗೂ ಇದರ ಹೆಸರನ್ನು ಮೊದಲು ಹೇಳುವುದುಂಟು. ಬಂಡೆಯನ್ನು ಬಿಟ್ಟು ಬಂದವರಿಗೆ ಕಥೆಯೂ ಕೈಬಿಟ್ಟಿತು ಎಂದು ನನಗೆ ತೋರುತ್ತದೆ. ಆದರೆ ಈ ಚಿತ್ರದಿಂದ ನನಗಾದ ನಷ್ಟವು ಮೂರು ತಾಸು ಮತ್ತು ತಿಕೀಟಿನ ಹಣ, ಅಷ್ಟೇ.

ನಾನು ಕಂಡವುಗಳಲ್ಲಿ ಅತ್ಯಂತ ಕೆಟ್ಟದ್ದೆಂದು ಎಣಿಸುವ ಚಿತ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದರಲ್ಲಿ ದುಡಿದವರೂ ಹೊಟ್ಟೆಯ ಪಾಡಿಗೆ ದುಡಿದವರೇ. ಅದನ್ನು ನೋಡಿದ್ದು ಹಳೆಯ ಬಾಗಲಕೋಟೆಯ ಒಂದು ಥಿಯೇಟರಿನಲ್ಲಿ, 1997ರಲ್ಲಿ ಬಾಗಲಕೋಟೆಯು ಜಿಲ್ಲೆಯಾದ ಸುಮಾರಿಗೆ. ಇಳಕಲ್ಲಿನಿಂದ ನಮ್ಮ ಚಿಗವ್ವನು ಬಂದಿದ್ದಳು. ‘ನಮ್ಮ ಕಡೆಯ ಕಥೆ, ನಮ್ಮ ಕಡೆಯಲ್ಲೇ ತೆಗೆದದ್ದು’ ಎಂದು ಊರ ತುಂಬ ಡಂಗುರವಾಗಿದ್ದುದರಿಂದ ಮನೆಮಂದಿಯೆಲ್ಲ ಹೊರಟೆವು.

ಆಗಿನ ಬಾಗಲಕೋಟೆಯ ಸ್ಥಿತಿಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಕೃಷ್ಣೆಯನ್ನು ತಡೆದರೆ ಘಟಪ್ರಭೆಯೂ ಹಿಂದಕ್ಕೆ ಒತ್ತುವಳು. ಘಟಪ್ರಭೆಯ ದಂಡೆಯ ಬಾಗಲಕೋಟೆಯ ಓಣಿಗಳು ನೀರಿನ ಮಟ್ಟಕ್ಕೆ ಸಿಕ್ಕುವವು. 519.6 ಮೀಟರು ಎಂಬ ಅಂಕಿಯು ನಮ್ಮಲ್ಲಿ ಮಕ್ಕಳ ಬಾಯಲ್ಲೂ ಇತ್ತು. ಮನೆಗಳನ್ನು ಅಳೆದುಹೋದರು, ನೋಟೀಸುಗಳು ಬಂದವು. ನವನಗರದಲ್ಲಿ ಸೆಕ್ಟರು-ಸಂಖ್ಯೆಗಳ ಹೊಸ ಬದುಕಿಗೆ ಜನರು ಅಣಿಯಾಗುತ್ತಿದ್ದರು. ಅಂದು ಥಿಯೇಟರಿನಲ್ಲಿ ಕುಳಿತವರೊಳಗೆ ನೋಟೀಸು ಬಾರದ ಮನೆಯವರು ಕಡಿಮೆಯೇ.

ಚಿತ್ರದ ಕಥೆಯೂ ಮುಳುಗಡೆಯದೇ ಆಗಿತ್ತು. ಪರಿಹಾರದ ಹಣವನ್ನು ನುಂಗುವ ಗೌಡ, ಬೆಂಗಳೂರಿನಿಂದ ಬಂದು ಅವನನ್ನು ಬಡಿಯುವ ನಾಯಕ. ಮೊದಲನೆಯ ಹಾಡು ಬಾದಾಮಿಯ ಮೂರನೆಯ ಗುಹೆಯ ಮುಂದೆ. ಮಂಗಳೇಶನ ಶಾಸನದಿಂದ 578ನೆಯ ಇಸವಿಯೆಂದು ಕಾಲ ಗೊತ್ತಾಗಿರುವ ಆ ವಿಷ್ಣುಗುಹೆಯ ಕಂಬಗಳನ್ನು ಹಿಡಿದು ನಾಯಕನೂ ನಾಯಿಕೆಯೂ ವಿಲಾಯಿತಿಯ ಉಡುಪಿನಲ್ಲಿ ಕುಣಿದರು. ಕುಣಿಯಲಿ, ಕಲ್ಲಿಗೆ ಅದರಿಂದ ಮೈಲಿಗೆಯಿಲ್ಲ. ಮುಂದೆ ಬಂದ ವಿದೂಷಕನು ಮಾತ್ರ ಸಹನೆಗೆ ಮೀರಿದನು. ಇಡೀ ಊರು ಬೆಂಗಳೂರಿನ ಪುಸ್ತಕದ ಮಾತನ್ನಾಡಿದರೆ, ಅವನೊಬ್ಬನೇ ನಮ್ಮ ಮಾತನ್ನಾಡುವವನು. ಅವನು “ಯಾಕಲೇ” ಎಂದೊಡನೆ ತೆರೆಯ ಹಿಂದಿನಿಂದ ನಗುವಿನ ವಾದ್ಯ ಬಾರಿಸುವುದು. ಬುದ್ಧಿಯಿದ್ದವರ ಮಾತು ಬೇರೆ, ದಡ್ಡನ ಮಾತು ಬೇರೆ ಎಂಬುದು ಆ ವಾದ್ಯದ ಅರ್ಥ. ಬಾದಾಮಿಯ ನೆರೆಯ ಪಟ್ಟದಕಲ್ಲನ್ನು, ಅದರ ಕಿಸುವೊಳಲೆಂಬ ಹಳೆಯ ಹೆಸರಿನಿಂದ ಕರೆದು, ತಿರುಳ್ಗನ್ನಡದ ಸೀಮೆಯೊಳಗೆ ಕವಿರಾಜಮಾರ್ಗವು ಎಣಿಸಿದ್ದು 9ನೆಯ ಶತಮಾನದಲ್ಲಿ. ಅದಕ್ಕೂ ಹಿಂದೆಯೇ, ಅದೇ ಬಾದಾಮಿಯ ಕೆರೆಯ ಮೇಲಿನ ಬಂಡೆಯಲ್ಲಿ, ಕಪ್ಪೆ ಅರಭಟ್ಟನ ಶಾಸನವು ಕನ್ನಡದ ತ್ರಿಪದಿಯನ್ನು ಕೊರೆಯಿಸಿಕೊಂಡಿತ್ತು. ನಮಗೆ ಸಿಕ್ಕ ತ್ರಿಪದಿಗಳಲ್ಲಿ ಅದೇ ಹಳೆಯದು. ಛಾಯಾಗ್ರಾಹಕನು ಕೆರೆಯನ್ನು ನೋಡಿದನು, ಬಂಡೆಯನ್ನೂ ನೋಡಿದನು.

ನಾಯಿಕೆಯು ಹಳ್ಳಿಯ ಹೆಣ್ಣಾಗಿ ಇಳಕಲ್ಲ ಸೀರೆಯನ್ನುಟ್ಟು ಬಂದಾಗ ಚಿಗವ್ವನು ಮುಂದಕ್ಕೆ ಬಾಗಿದಳು. ಅವಳ ಜೀವಮಾನವು ಮಗ್ಗದ ಮನೆಯಲ್ಲಿ ಕಳೆದುದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ರೇಶಿಮೆಯ ಹಾಸೇ ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ಹುಟ್ಟುವುದು. ಆ ಕೆಂಪು ಸೆರಗಿನಲ್ಲಿ ಬಿಳಿಯ ತೋಪು-ತೆನೆಗಳು ಏಳಬೇಕು. ಚಿಗವ್ವನು ಒಂದು ಗಳಿಗೆ ನೋಡಿ, ಕುರ್ಚಿಗೆ ಒರಗಿ, “ತೆನಿ ಬರದಾರ ತಮ್ಮಾ, ನೇಯ್ದಿಲ್ಲ” ಎಂದಳು. ಮುಂದೆ ಅವಳು ಆ ಚಿತ್ರವನ್ನು ಕುರಿತು ಮಾತನಾಡಲಿಲ್ಲ. ನಿದ್ದೆ ಮಾಡಿದಳೆಂದು ನನ್ನ ನಂಬಿಗೆ.

ಕೊನೆಯಲ್ಲಿ ಗೌಡನು ಸತ್ತನು. ಅವನು ಸತ್ತದ್ದರಿಂದ, ಹೇಗೆಂದು ಯಾರೂ ವಿವರಿಸದೆ, ಅಣೆಕಟ್ಟೇ ನಿಂತುಹೋಯಿತು! ಊರಿಗೆ ಊರೇ ಗುಲಾಲು ಎರಚಿ ಕುಣಿಯಿತು. ನಮ್ಮ ಥಿಯೇಟರುಗಳಲ್ಲಿ ಚಿತ್ರವು ಹಿಡಿಸದಿದ್ದರೆ ಸಿಳ್ಳು ಹಾಕುವುದು, ಕುರ್ಚಿ ಬಡಿಯುವುದು ವಾಡಿಕೆ. ಅಂದು ಸಿಳ್ಳಿಲ್ಲ, ಸಪ್ಪಳವಿಲ್ಲ. ದೀಪ ಹತ್ತಿತು. ಜನರು ಎದ್ದು ರುಮಾಲು ಕೊಡವಿಕೊಂಡು, ನಿದ್ದೆಹೋದ ಮಕ್ಕಳನ್ನು ಹೆಗಲಿಗೇರಿಸಿ, ಒಬ್ಬರ ಮುಖವನ್ನೊಬ್ಬರು ನೋಡದೆ ಹೊರಬಿದ್ದರು. ಮನೆಯ ಗೋಡೆಯ ಮೇಲೆ ಸರಕಾರದ ಅಂಕಿಯನ್ನು ಬರೆಯಿಸಿಕೊಂಡವನಿಗೆ, ನಿನ್ನ ದುಃಖವು ಐದು ನಿಮಿಷದ ಹೊಡೆದಾಟದಿಂದ ತೀರುವಂಥದೆಂದು ಹೇಳುವುದಕ್ಕಿಂತ ಹೆಚ್ಚಿನ ಅವಮಾನವನ್ನು ನಾನು ಚಿತ್ರಪಟಗಳಲ್ಲಿ ಕಂಡಿಲ್ಲ.

ನಮ್ಮವರು ಪ್ರಶಂಸೆಗೆ ಜಿಪುಣರಲ್ಲ. 1967ರ ‘ಇಮ್ಮಡಿ ಪುಲಿಕೇಶಿ’ಯಲ್ಲಿ ರಾಜಕುಮಾರರನ್ನು ನೋಡಿ ಬಾದಾಮಿಯ ನಮ್ಮ ಹಿರಿಯರು ವರ್ಷಗಟ್ಟಲೆ ಅದನ್ನೇ ಮಾತನಾಡಿದರು, ಅರಮನೆಯು ಹಲಗೆಯದೋ ಕಲ್ಲಿನದೋ ಎಂದು ಯಾರೂ ಕೇಳಲಿಲ್ಲ. ನಾಗಾಭರಣರ ‘ನಾಗಮಂಡಲ’ವು 1997ರಲ್ಲಿ ಬಂದಾಗ, ನಮ್ಮ ಮಾತಿನಲ್ಲಿ ನಾಯಿಕೆಯು ಅಳಬಹುದು, ಪ್ರೀತಿಸಬಹುದು, ಅದಕ್ಕೆ ಯಾರೂ ನಗುವುದಿಲ್ಲ ಎಂಬುದನ್ನು ಕಂಡು ಹಿಗ್ಗಿದರು. ಮಂಡ್ಯದ ಕಡೆಯ ‘ತಿಥಿ’ಯಲ್ಲಿ ಹಳ್ಳಿಯವರೇ ಪಾತ್ರಧಾರಿಗಳು, ಮಾತೂ ಅವರದೇ. 2015ರಲ್ಲಿ ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಪಡೆಯಿತು. ಅಲ್ಲಿಯ ಬೈಗುಳು ನಮ್ಮ ಕಿವಿಗೆ ಹೊಸದಾದರೂ ಆ ಗಡ್ಡಪ್ಪನನ್ನು ಹುನಗುಂದದ ಸಂತೆಯಲ್ಲಿಯೂ ಗುರುತಿಸಬಹುದು.

ಒಂದು ವಿಚಿತ್ರವನ್ನು ಮಾತ್ರ ಹೇಳದೆ ಬಿಡಲಾರೆ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವು ತೆರೆಗೆ ಬಂದದ್ದು 1934ರಲ್ಲಿ. ಅದನ್ನು ತೆಗೆದದ್ದು ನಮಗೆ ಬಹಳ ದೂರವಲ್ಲದ ಕೊಲ್ಲಾಪುರದಲ್ಲಿ. ನಾಗೇಂದ್ರರಾಯರು ರಾವಣ, ಸುಬ್ಬಯ್ಯನಾಯ್ಡುಗಳು ಇಂದ್ರಜಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅದು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂದು ವಾದಿಸುವ ಭಾಗ್ಯವೂ ನಮಗಿಲ್ಲ. ನಮ್ಮ ಆ ಹೆಸರಿಸಲಾರದ ಚಿತ್ರವಾದರೋ ಗಟ್ಟಿಯಾಗಿ ಉಳಿದಿದೆ. ಯಾವುದಾದರೊಂದು ವಾಹಿನಿಯು ಮಧ್ಯಾಹ್ನದ ವೇಳೆಗೆ ಅದನ್ನು ತೋರಿಸುತ್ತದೆ. ನವನಗರದ ನಮ್ಮ ನೆರೆಯವರು ಅದನ್ನು ಬಿಡದೆ ನೋಡುತ್ತಾರೆ. ಅದರ ನಡುವೆ ನಾಯಕನು ಟಾಂಗಾ ಹೊಡೆದುಕೊಂಡು ಕಳ್ಳರ ಬೆನ್ನಟ್ಟುವ ಒಂದು ಭಾಗವಿದೆ. ಅದನ್ನು ತೆಗೆದದ್ದು ಹಳೆಯ ಊರಿನ ಹೊಳೆಯ ಕಡೆಗಿನ ಓಣಿಯಲ್ಲಿ. ಆ ಓಣಿಯನ್ನು ಕೆಡವಿ ಎಷ್ಟೋ ಕಾಲವಾಯಿತು. ಹಿನ್ನೀರು ತುಂಬಿದ ವರ್ಷ ಅಲ್ಲಿ ಬಕಗಳು ನಿಂತಿರುತ್ತವೆ.

ನೆರೆಮನೆಯ ಹುಡುಗನು ಆ ಎರಡು ನಿಮಿಷಗಳನ್ನಷ್ಟೇ ಕತ್ತರಿಸಿ ತನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ. ಟಾಂಗಾ ತಿರುಗುವಲ್ಲಿಗೆ ಬಂದೊಡನೆ ಬೆರಳೂರಿ ನಿಲ್ಲಿಸುತ್ತಾನೆ. ನಾಯಕನ ಮುಖವು ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಅವನ ಅಜ್ಜನ ಮನೆಯ ಬಾಗಿಲು, ಕಟ್ಟೆ, ಕಟ್ಟೆಯ ಮೇಲೆ ಒಣಹಾಕಿದ ಶಾಂಡಿಗೆಯ ಚಾಪೆ ಪೂರ್ತಿಯಾಗಿ ಕಾಣುತ್ತವೆ.