ರಾಮದೇವರ ಬೆಟ್ಟದಲ್ಲಿ ಜಟಾಯುವಿನ ಬಳಗ

"ತಾತ, ರಣಹದ್ದು ಒಳ್ಳೇದಾ, ಕೆಟ್ಟದ್ದಾ?"

ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿ ಒಂದು ಸಂಜೆ ಹೀಗೆ ಕೇಳಿದಾಗ ನಾನು ಕೈಯಲ್ಲಿದ್ದ ಪೇಪರನ್ನು ಮಡಚಿಟ್ಟೆ. ಶಾಲೆಯಲ್ಲಿ 'ನಮ್ಮ ಸುತ್ತಲಿನ ಪಕ್ಷಿಗಳು' ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ಕಾಗೆ, ಗಿಳಿ, ಪಾರಿವಾಳ ಎಲ್ಲರೂ ಬರೆಯುತ್ತಾರೆ, ಯಾರೂ ಬರೆಯದ ಹಕ್ಕಿಯ ಬಗ್ಗೆ ತಾನು ಬರೆಯಬೇಕು ಎಂಬುದು ಅವಳ ಹಟ. ಪಕ್ಕದ ಮನೆಯ ಹುಡುಗ "ರಣಹದ್ದು ಹೆಣ ತಿನ್ನತ್ತೆ, ಛೀ!" ಅಂದಿದ್ದನಂತೆ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಜ್ಜಿಯ ಉತ್ತರ ಬಂತು. "ಛೀ ಅನ್ನಬಾರದು ಕಣೇ. ಸೀತೆಯನ್ನ ರಾವಣ ಹೊತ್ಕೊಂಡು ಹೋಗುವಾಗ ಅಡ್ಡ ಬಂದವನು ಯಾರು? ಜಟಾಯು. ರೆಕ್ಕೆ ಕಡಿಸಿಕೊಂಡು ಬಿದ್ದಿದ್ದ ಆ ಹಕ್ಕಿಗೆ ರಾಮ ತಾನೇ ನಿಂತು ಸಂಸ್ಕಾರ ಮಾಡಿದ, ಗೊತ್ತಾ?"

"ಈಗಲೂ ಇದ್ಯಾ ಅಜ್ಜಿ, ಜಟಾಯು?"

ಅಜ್ಜಿ ನನ್ನ ಮುಖ ನೋಡಿದಳು. ಮೂವತ್ತಾರು ವರ್ಷ ಪಶು ಆಸ್ಪತ್ರೆಗಳಲ್ಲಿ ಕಾಂಪೌಂಡರ್ ಆಗಿದ್ದವನು ನಾನು. ರಣಹದ್ದಿನ ಸುದ್ದಿ ಬಂದರೆ ನಾನೇಕೆ ಸುಮ್ಮನಾಗುತ್ತೇನೆ ಎಂಬುದು ಅವಳಿಗೆ ಗೊತ್ತು. ನಾನು ಅಂದೆ, "ಇದೆ. ಬರೋ ಭಾನುವಾರ ನೋಡ್ಕೊಂಡು ಬರೋಣ."

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಮನಗರ. ಕಾರೇನೂ ಬೇಕಿಲ್ಲ. ನಾವು ಮೂವರೂ ಬೆಳಗಿನ ರೈಲು ಹತ್ತಿದೆವು. ಕೆಂಗೇರಿ ದಾಟಿ ಬಿಡದಿ ಬರುವಷ್ಟರಲ್ಲಿ ಕಟ್ಟಡಗಳು ಹಿಂದೆ ಸರಿದು ಬಂಡೆಗಳು ಮುಂದೆ ಬಂದವು. ಆನೆ ಮಲಗಿದ ಹಾಗೆ ಒಂದು, ರಾಗಿ ಮುದ್ದೆ ಇಟ್ಟ ಹಾಗೆ ಇನ್ನೊಂದು.

"ಈ ಬಂಡೆಗಳಿಗೆ ಎಷ್ಟು ವಯಸ್ಸು ಹೇಳು ನೋಡೋಣ?" ಎಂದೆ.

"ನಿನ್ನಷ್ಟು?" ಅಂದಳು ತುಂಟಿ.

ಮಕ್ಕಳೇ, ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ! ಭೂಮಿಯ ಆಳದಲ್ಲಿ ಕುದಿಯುತ್ತಿದ್ದ ಶಿಲಾರಸ ಅಲ್ಲಿಯೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿದ್ದ ಮಣ್ಣು ಕಲ್ಲುಗಳೆಲ್ಲ ಮಳೆಗಾಳಿಗೆ ಸವೆದು ಹೋದ ಮೇಲೆ ಈ ಗಟ್ಟಿ ಬಂಡೆಗಳು ಹೊರಗೆ ಕಾಣಿಸಿಕೊಂಡವು. ಭೂವಿಜ್ಞಾನಿಗಳು ಇದನ್ನು 'ಕ್ಲೋಸ್‌ಪೇಟ್ ಗ್ರಾನೈಟ್' ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನ ಮೇಲೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಹಾಗೆಯೇ ಉಳಿಯಿತು.

ರಾಮನಗರ ಸ್ಟೇಷನ್ನಿನಲ್ಲಿ ಇಳಿದು ಇಡ್ಲಿ ತಿಂದು ಆಟೊ ಹಿಡಿದೆವು. ಆಟೊದವರು "ಶೋಲೆ ಬೆಟ್ಟಕ್ಕಾ ಸಾರ್?" ಎಂದು ಕೇಳಿದರು. 1975ರಲ್ಲಿ ಬಿಡುಗಡೆಯಾದ 'ಶೋಲೆ' ಸಿನಿಮಾದ ರಾಮಗಢ ಎಂದರೆ ಇದೇ ಬಂಡೆಗಳ ನಡುವೆ ಕಟ್ಟಿದ ಸೆಟ್. ಗಬ್ಬರ್ ಸಿಂಗ್ ಕಥೆ ಹೇಳಹೊರಟೆ. ಪುಟ್ಟಿಗೆ ಗಬ್ಬರ್ ಬೇಡ, ಜಟಾಯು ಬೇಕು. ಸುಮ್ಮನಾದೆ.

ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟು, ಟಿಕೆಟ್ಟು. ಇದು ರಾಮದೇವರ ಬೆಟ್ಟ ರಣಹದ್ದು ಧಾಮ. 2012ರಲ್ಲಿ ಸರ್ಕಾರ ಇಲ್ಲಿನ 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳಿಗಾಗಿಯೇ ಮೀಸಲಿಟ್ಟಿತು. ನಾನು ನಿವೃತ್ತನಾದದ್ದೂ ಅದೇ ವರ್ಷ.

ಗೇಟಿನ ಬಳಿ ಇದ್ದ ಕಾವಲುಗಾರರು ನಮ್ಮ ಚೀಲ ನೋಡಿ, "ಅಜ್ಜಿ, ತಿಂಡಿ ಪ್ಲಾಸ್ಟಿಕ್ ಕವರಲ್ಲಿ ಕೈಯಲ್ಲಿ ಹಿಡ್ಕೋಬೇಡಿ, ಕೋತಿ ಕಿತ್ಕೊಂಡ್ಹೋಗ್ತವೆ" ಎಂದು ಎಚ್ಚರಿಸಿದರು. ಕರಡಿ, ಚಿರತೆಗಳೂ ಇರುವ ಬೆಟ್ಟವಿದು, ದಾರಿ ಬಿಟ್ಟು ಪೊದೆಗಳ ಕಡೆ ಹೋಗಬಾರದು ಎಂದರು. ಪುಟ್ಟಿ ಅಜ್ಜಿಯ ಸೆರಗು ಹಿಡಿದುಕೊಂಡಳು.

ಮೆಟ್ಟಿಲು ಶುರುವಾಯಿತು. ನಾನೂರು ಮೆಟ್ಟಿಲು ಎಂದು ಎಲ್ಲರೂ ಹೇಳುತ್ತಾರೆ. ಪುಟ್ಟಿ ಎಣಿಸಲು ಹೊರಟು ನೂರಾ ಎಂಬತ್ತರ ಹತ್ತಿರ ಒಂದು ಓತಿಕ್ಯಾತ ನೋಡಿ ಲೆಕ್ಕ ತಪ್ಪಿಸಿಕೊಂಡಳು. ಮಂಡಿನೋವಿನ ಅಜ್ಜಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತು, "ನೀವು ಹೋಗ್ತಿರಿ, ಬರ್ತೀನಿ" ಎನ್ನುತ್ತಿದ್ದಳು. ನಾವೂ ಕೂರುತ್ತಿದ್ದೆವು. ಬೆಟ್ಟಕ್ಕೆ ಬರುವ ಹಿರಿಯರಿಗೆ ನನ್ನದೊಂದು ಮಾತು: ಅವಸರ ಬೇಡ. ಕೂತವರಿಗೇ ಹಕ್ಕಿ ಕಾಣುವುದು. ಹಾಗೆ ಕೂತಿದ್ದಾಗಲೇ ಪೊದೆಯಿಂದ ಪೊದೆಗೆ ಹಾರಿದ ಹಳದಿ ಕೊರಳಿನ ಪಿಕಳಾರವನ್ನು ಕಂಡೆವು. ದಕ್ಷಿಣ ಭಾರತದ ಇಂಥ ಕಲ್ಲು ಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಇರದ ಹಕ್ಕಿ ಅದು.

ಮೇಲೆ ರಾಮನ ಗುಡಿ, ಪಕ್ಕದಲ್ಲಿ ಬಂಡೆಯ ಮಡಿಲಲ್ಲಿ ಒಂದು ಕೊಳ. ವನವಾಸದ ಕಾಲದಲ್ಲಿ ರಾಮ ಇಲ್ಲಿ ತಂಗಿದ್ದನೆಂಬುದು ಜನರ ನಂಬಿಕೆ. ಅಜ್ಜಿ ಮಂಗಳಾರತಿ ತೆಗೆದುಕೊಂಡು ಬಂದು ನೆರಳಲ್ಲಿ ಕೂತಳು. ನಾವಿಬ್ಬರೂ ಎದುರಿನ ಬಂಡೆಯ ಗೋಡೆಯನ್ನೇ ನೋಡುತ್ತಾ ನಿಂತೆವು.

"ತಾತ, ಅಲ್ಲಿ ಯಾರೋ ಸುಣ್ಣ ಚೆಲ್ಲಿದಾರೆ!"

ಅದು ಸುಣ್ಣವಲ್ಲ, ರಣಹದ್ದುಗಳ ಹಿಕ್ಕೆ. ಉದ್ದ ಕೊಕ್ಕಿನ ರಣಹದ್ದುಗಳು ಮನುಷ್ಯರೂ ಚಿರತೆಯೂ ತಲುಪಲಾರದ ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುತ್ತವೆ. ವರ್ಷಕ್ಕೆ ಒಂದೇ ಒಂದು ಮೊಟ್ಟೆ. ತಲೆಮಾರುಗಳಿಂದ ಅದೇ ಜಾಗಕ್ಕೆ ಬರುವುದರಿಂದ ಬಂಡೆಯ ಮೇಲೆ ಬಿಳಿ ಪಟ್ಟೆ ಮೂಡುತ್ತದೆ. ಆದರೆ ಪಟ್ಟೆಯಿತ್ತು, ಹಕ್ಕಿ ಇರಲಿಲ್ಲ.

ಒಂದು ಗಂಟೆ ಕಾದೆವು. ಬಿಸಿಲು ಏರಿತು. ಹದ್ದೊಂದು ಬಂತು. ಕಾಗೆಗಳು ಬಂದವು. ಪುಟ್ಟಿ ನೀರು ಕುಡಿದು ಕೇಳಿದಳು, "ನಿಮ್ಮೂರಲ್ಲಿ ಇತ್ತಾ ತಾತ, ರಣಹದ್ದು?"

ಇತ್ತೇ ಎಂದರೆ! 1960ರ ದಶಕದಲ್ಲಿ ನಾನು ಹುಡುಗನಾಗಿದ್ದಾಗ ಊರಾಚೆಯ ಬಯಲಿಗೆ ಸತ್ತ ದನವನ್ನು ಎಳೆದು ಹಾಕುತ್ತಿದ್ದರು. ಬೆಳಗ್ಗೆ ಹಾಕಿದರೆ ಮಧ್ಯಾಹ್ನದೊಳಗೆ ಆಕಾಶದಿಂದ ಒಂದು ಇಳಿಯುತ್ತಿತ್ತು. ಅದನ್ನು ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು. ಸಂಜೆಗೆ ಮೂಳೆ ಮಾತ್ರ. ನಾರುವಷ್ಟು ಹೊತ್ತೂ ಉಳಿಯುತ್ತಿರಲಿಲ್ಲ. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ, ಸತ್ತ ದನವನ್ನು ತಿಂದರೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ಅವುಗಳ ಹೊಟ್ಟೆಯ ಆಮ್ಲ ಅಷ್ಟು ಖಾರ. ಸಂಬಳವಿಲ್ಲದೆ ದುಡಿಯುವ ಪೌರಕಾರ್ಮಿಕರು ಅವು.

"ಮತ್ತೆ ಎಲ್ಲಿ ಹೋದವು?"

ಈ ಪ್ರಶ್ನೆಗೇ ನಾನು ಅವಳನ್ನು ಇಲ್ಲಿಗೆ ಕರೆತಂದಿದ್ದು. ಆದರೂ ಮಾತು ಹೊರಡುವುದು ಕಷ್ಟವಾಯಿತು.

1990ರ ದಶಕದಲ್ಲಿ ದನಗಳ ನೋವಿಗೆ ಡೈಕ್ಲೊಫಿನಾಕ್ ಎಂಬ ಔಷಧಿ ಬಂತು. ಅಗ್ಗ, ಬಲು ಬೇಗ ಕೆಲಸ ಮಾಡುವಂಥದ್ದು. ಕುಂಟುತ್ತಿದ್ದ ಎತ್ತು ಮರುದಿನ ಎದ್ದು ನಡೆಯುತ್ತಿತ್ತು. ರೈತರು ಕೈಮುಗಿಯುತ್ತಿದ್ದರು. ಅದೇ ಕಾಲಕ್ಕೆ ದೇಶದ ತುಂಬ ರಣಹದ್ದುಗಳು ಕತ್ತು ಜೋತುಬಿದ್ದು ಸಾಯತೊಡಗಿದವು. ಏಕೆಂದು ಯಾರಿಗೂ ತಿಳಿಯಲಿಲ್ಲ. 2004ರಲ್ಲಿ ಪಾಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಈ ಔಷಧಿ ಪಡೆದು ಸ್ವಲ್ಪದರಲ್ಲೇ ಸತ್ತ ದನವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ನೂರು ಸತ್ತ ದನಗಳಲ್ಲಿ ಒಂದಕ್ಕಿಂತ ಕಡಿಮೆ ದನದಲ್ಲಿ ಈ ವಿಷವಿದ್ದರೂ ಸಾಕು, ರಣಹದ್ದುಗಳ ಸಂತತಿ ಕುಸಿಯುತ್ತದೆ ಎಂದು ಲೆಕ್ಕ ಹಾಕಿದರು. ಹಾಗೆಯೇ ಆಯಿತು. ಬಿಳಿ ಬೆನ್ನಿನ ರಣಹದ್ದುಗಳು 1992ರಿಂದ 2007ರೊಳಗೆ ಸಾವಿರಕ್ಕೆ ಒಂದರಂತೆ ಉಳಿದವು. 2006ರಲ್ಲಿ ನಮ್ಮ ಸರ್ಕಾರ ಈ ಔಷಧಿಯನ್ನು ಪಶುಗಳಿಗೆ ಬಳಸುವಂತಿಲ್ಲ ಎಂದಿತು.

ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. "ತಾತ, ಆ ಇಂಜೆಕ್ಷನ್ ನೀನೂ ಕೊಟ್ಟಿದ್ಯಾ?"

"ಕೊಟ್ಟಿದೀನಿ. ಎಷ್ಟೋ ಸಲ."

"ಗೊತ್ತಿದ್ದೂ ಕೊಟ್ಯಾ?"

"ಗೊತ್ತಿರಲಿಲ್ಲ ಕಂದಾ. ನೋವು ಕಡಿಮೆಯಾಗತ್ತೆ ಅನ್ನೋದಷ್ಟೇ ಗೊತ್ತಿತ್ತು."

"ಗೊತ್ತಾದ ಮೇಲೆ?"

ಮಕ್ಕಳು ಹೀಗೆಯೇ, ಒಂದು ಮೆಟ್ಟಿಲೂ ಬಿಡುವುದಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ.

2008ರಲ್ಲಿ ಒಬ್ಬ ವಿಧವೆ ನನ್ನ ಮನೆ ಬಾಗಿಲಿಗೆ ಬಂದಿದ್ದರು. ಅವರಿಗೆ ಇದ್ದುದು ಒಂದೇ ಹಸು, ಅದೂ ನೆಲ ಹಿಡಿದಿತ್ತು. ಔಷಧಿ ಅಂಗಡಿಯಿಂದ ಮನುಷ್ಯರಿಗೆ ಕೊಡುವ ಡೈಕ್ಲೊಫಿನಾಕ್ ಸೀಸೆಯನ್ನು ತಾವೇ ತಂದಿದ್ದರು. "ಕೊಡಿ ಅಣ್ಣಾ, ಇದೊಂದ್ಸಲ" ಅಂದರು. ಕೊಡಬಾರದೆಂದು ಗೊತ್ತಿದ್ದೂ ಕೊಟ್ಟೆ. ಹಸು ಉಳಿಯಲಿಲ್ಲ, ಮೂರನೇ ದಿನ ಸತ್ತಿತು. ಅದನ್ನು ಬಯಲಿಗೆ ಎಳೆದು ಹಾಕಿದರು. ನಾನು ಆ ಸಂಜೆ ಸೈಕಲ್ ತೆಗೆದುಕೊಂಡು ಹೋಗಿ ದೂರದಿಂದ ಆಕಾಶ ನೋಡುತ್ತಾ ನಿಂತೆ, ಒಂದೂ ಇಳಿಯದಿರಲಪ್ಪಾ ಎಂದು. ಒಂದೂ ಇಳಿಯಲಿಲ್ಲ. ಇಳಿಯಲು ನಮ್ಮ ಕಡೆ ಆಗಲೇ ಒಂದೂ ಉಳಿದಿರಲಿಲ್ಲ. ನಾಯಿಗಳು ಬಂದವು.

ಪುಟ್ಟಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಹಸುಗೆ ಬೇರೆ ಔಷಧಿ ಇರಲಿಲ್ವಾ?"

"ಇತ್ತು. ಮೆಲಾಕ್ಸಿಕ್ಯಾಂ ಅಂತ. ಅದರಿಂದ ರಣಹದ್ದಿಗೆ ತೊಂದರೆಯಿಲ್ಲ. ಅವತ್ತು ನನ್ನ ಹತ್ರ ಇರಲಿಲ್ಲ. ತರಿಸ್ಕೋಬಹುದಿತ್ತು."

ಆಗಲೇ ಹಿಂದಿನಿಂದ ಅಜ್ಜಿ ಕೂಗಿದ್ದು: "ಏನೂಂದ್ರೆ, ಅಲ್ಲಿ ನೋಡ್ರೀ!"

ಬಂಡೆ ಕಾದಿತ್ತು. ಕಾದ ಬಂಡೆಯಿಂದ ಬಿಸಿಗಾಳಿ ಮೇಲೇಳುತ್ತದೆ. ರಣಹದ್ದು ಕಾಯುವುದು ಇದಕ್ಕೇ. ಭಾರದ ಮೈಯನ್ನು ಆ ಗಾಳಿಗೆ ಒಪ್ಪಿಸಿ ರೆಕ್ಕೆ ಬಡಿಯದೆಯೇ ಏರುತ್ತದೆ. ಬಂಡೆಯ ಅಂಚಿನಾಚೆಯಿಂದ ಒಂದು ಹಕ್ಕಿ ಮೇಲೆ ಬಂತು. ಹಲಗೆಯಂಥ ಅಗಲ ರೆಕ್ಕೆ, ತುದಿಯಲ್ಲಿ ಬೆರಳುಗಳಂತೆ ಬಿಡಿಸಿಕೊಂಡ ಗರಿ, ಮೋಟು ಬಾಲ. ಅದರ ಹಿಂದೆಯೇ ಇನ್ನೊಂದು. ಎರಡೂ ಒಂದು ಸುತ್ತು ಹಾಕಿದವು, ಇನ್ನೊಂದು ಸುತ್ತು ಹಾಕಿದವು. ನೆರಳು ನಮ್ಮ ಕಾಲ ಬಳಿಯ ಬಂಡೆಯ ಮೇಲೆ ಜಾರಿಕೊಂಡು ಹೋಯಿತು. ಪುಟ್ಟಿ ಉಸಿರು ಬಿಗಿಹಿಡಿದಿದ್ದಳು. ನನ್ನ ಕನ್ನಡಕ ಮಂಜಾಯಿತು, ಒರೆಸಿಕೊಳ್ಳುವಷ್ಟರಲ್ಲಿ ಅವು ಸಾವನದುರ್ಗದ ದಿಕ್ಕಿಗೆ ಚುಕ್ಕಿಗಳಾಗಿದ್ದವು.

ಅಜ್ಜಿ ಕೈಮುಗಿದಿದ್ದಳು. ಗುಡಿಗೆ ಬೆನ್ನು ಹಾಕಿ, ಆಕಾಶದ ಕಡೆಗೆ.

ಇಳಿಯುವಾಗ ಗೇಟಿನ ಕಾವಲುಗಾರರಿಗೆ ಹೇಳಿದೆವು. "ನಿಮ್ಮ ಅದೃಷ್ಟ ಸಾರ್. ಬೆರಳೆಣಿಕೆಯಷ್ಟು ಉಳಿದಿವೆ, ಕೆಲವರು ನಾಲ್ಕು ಸಲ ಬಂದರೂ ಕಾಣಲ್ಲ" ಎಂದರು.

ನೀವೂ ಹೋಗಿಬನ್ನಿ. ಚಳಿಗಾಲದ ಬೆಳಗು ಒಳ್ಳೆಯದು. ನೀರು, ಟೋಪಿ, ಸಾಧ್ಯವಾದರೆ ಒಂದು ದುರ್ಬೀನು ಇರಲಿ. ಗೂಡು ಕಟ್ಟುವ ಕಾಲವೂ ಅದೇ ಆದ್ದರಿಂದ ಕೂಗಾಟ, ಹಾಡು ಬೇಡ. ಬಂಡೆಯ ಮೇಲೆ ಹೆಸರು ಬರೆಯುವುದು ಬೇಡವೇ ಬೇಡ. ಸಮಯ ಉಳಿದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೋ, ಚನ್ನಪಟ್ಟಣದ ದಾರಿಯಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನೋ ನೋಡಬಹುದು. ನಾವು ಚೌಕಾಶಿ ಮಾಡಿ ಮುಂದಿನ ಸಲಕ್ಕೆ ಇಟ್ಟುಕೊಂಡೆವು. ಅಜ್ಜಿಯ ಮಂಡಿ ಅಷ್ಟಕ್ಕೇ ಒಪ್ಪಿದ್ದು.

ವಾಪಸು ರೈಲಿನಲ್ಲಿ ಪುಟ್ಟಿ ನೋಟ್‌ಬುಕ್ ತೆಗೆದು ಬರೆಯತೊಡಗಿದಳು. ಇಣುಕಿ ನೋಡಿದೆ. 'ಇವತ್ತು ನೋಡಿದ್ದು: 2. ತಾತ ಚಿಕ್ಕವರಿದ್ದಾಗ ನೋಡಿದ್ದು: ಎಣಿಸಿಲ್ಲ' ಎಂದಿತ್ತು. ಅದರ ಕೆಳಗೆ ಇಂಜೆಕ್ಷನ್ನಿನ ಹೆಸರು ಬರೆದು, ನನ್ನ ಕಡೆ ತಿರುಗಿ, "ನಿನ್ನ ವಿಷಯ ಬರೀಲಾ ತಾತ?" ಎಂದಳು.

"ಬರಿ" ಎಂದೆ.

ಮನೆಗೆ ಬಂದು ಕಾಲು ತೊಳೆದ ಮೇಲೆ ಊರಿನಲ್ಲಿ ಹಸು ಸಾಕಿಕೊಂಡಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. "ದನಕ್ಕೆ ನೋವಾದರೆ ಯಾವ ಔಷಧಿ ಹಾಕಿಸ್ತೀಯಪ್ಪಾ? ಸೀಸೆ ಇದ್ದರೆ ಹೆಸರು ಓದು."

ಅವನಿಗೆ ಆಶ್ಚರ್ಯ. "ಇಷ್ಟ್ ಹೊತ್ತಲ್ಲಾ ಚಿಕ್ಕಪ್ಪ?" ಎನ್ನುತ್ತಲೇ ಕೊಟ್ಟಿಗೆಗೆ ಹೋದ. ಪುಟ್ಟಿ ಬಂದು ಫೋನಿಗೆ ಕಿವಿ ಕೊಟ್ಟು ನಿಂತಳು. ಟಾರ್ಚು ಹುಡುಕುವ ಸದ್ದು, ಹಸುವಿನ ಕೊರಳ ಗಂಟೆಯ ಸದ್ದು.

"ಮೆ... ಮೆಲಾಕ್ಸಿಕ್ಯಾಂ ಅಂತಿದೆ ಚಿಕ್ಕಪ್ಪ. ಡಾಕ್ಟ್ರು ಬರ್ಕೊಟ್ಟಿದ್ದು. ಯಾಕೆ, ಸರಿ ಇಲ್ವಾ?"

"ಸರಿ ಇದೆ ಕಣಪ್ಪಾ" ಎಂದೆ. "ಅದನ್ನೇ ಹಾಕಿಸು."