ಹರಿಹರದ ಹೊಳೆದಂಡೆಯಲ್ಲಿ ಒಂದು ಬಿಡಾರ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಸಂಸಾರಗಳಿಗೆ ಆಕರ್ಷಣೆ ಎರಡು: 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಮತ್ತು ತುಂಗಭದ್ರೆ. ದರ್ಶನ ಮುಗಿಯುವ ಮೊದಲೇ ಮಕ್ಕಳ ಕಣ್ಣು ಹೊಳೆಯ ಮೇಲೆ.

ಆದರೆ ಈ ಹೊಳೆ ಹರಿಹರದ ಆಕಾಶ ನೋಡಿ ಏರುವುದಿಲ್ಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಸೇರುವುದು ಕೂಡಲಿಯಲ್ಲಿ. ಮಲೆನಾಡಿನಲ್ಲಿ ಮಳೆ ಹಿಡಿದರೆ, ಗಾಜನೂರು ಅಥವಾ ಲಕ್ಕವಳ್ಳಿ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನಡುಹೊಳೆಯ ಮರಳುದಿಬ್ಬದಲ್ಲಿ ಕುಳಿತವರಿಗೆ ಹಿಂದಿರುಗುವ ದಾರಿಯೇ ಮೊದಲು ಮುಳುಗುತ್ತದೆ. ಆದ್ದರಿಂದ ಡೇರೆ, ಒಲೆ, ಊಟ ಎಲ್ಲವೂ ಎತ್ತರದ ದಂಡೆಯಲ್ಲೇ ಇರಲಿ. ನೀರಂಚಿನಲ್ಲಿ ಒಂದು ಕೋಲು ನೆಟ್ಟು ಗಮನಿಸುತ್ತಿರಬೇಕು. ಅದು ಮುಳುಗತೊಡಗಿದರೆ, ನೀರು ಕೆಂಪಾದರೆ, ಬುತ್ತಿಯನ್ನೂ ಬಿಟ್ಟು ಮೇಲೇರಬೇಕು.

ಬೇಸಿಗೆಯ ತಿಳಿನೀರೂ ಮೋಸದ್ದೇ. ಬೆಳಕಿನ ವಕ್ರೀಭವನದಿಂದಾಗಿ 4 ಅಡಿ ಆಳ ಮೇಲಿನಿಂದ ನೋಡಿದವರಿಗೆ 3 ಅಡಿಯಂತೆ ಕಾಣುತ್ತದೆ. ಮರಳು ತೆಗೆದ ಗುಂಡಿಗಳಂತೂ ಕಾಲಿಟ್ಟ ಮೇಲೆಯೇ ತಿಳಿಯುವುದು. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಧುಮುಕಬಾರದು. ದಡದಲ್ಲೇ ನಿಂತು ಹಗ್ಗ, ಸೀರೆ ಅಥವಾ ಬಾಯಿ ಮುಚ್ಚಿದ ಖಾಲಿ ಕ್ಯಾನು ಎಸೆದು ಕೂಗಿ ಜನ ಕರೆಯಬೇಕು. ಕೊಂಡಜ್ಜಿಯ ಸ್ಕೌಟ್ಸ್ ಶಿಬಿರಕ್ಕೆ ಹೋಗಿಬಂದ ಮಕ್ಕಳಿಗೆ ಹಗ್ಗದ ಗಂಟು ಗೊತ್ತು. ಆ ಹಗ್ಗ ಬುತ್ತಿಯ ಚೀಲದಲ್ಲೇ ಇರಲಿ.