ತಂತಿಯೊಳಗಿನ ಹುಡುಗಿ

ಕಾರ್ಟೂನ್ ಎಂದರೆ ಚಿಕ್ಕ ಮಕ್ಕಳನ್ನು ಕೂರಿಸಿ ಊಟ ಮಾಡಿಸುವ ಉಪಾಯ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಜಪಾನಿನವರು ಹಾಗೆ ತಿಳಿದಿಲ್ಲ. ಅಲ್ಲಿ ಚಿತ್ರ ಬಿಡಿಸಿ ದೊಡ್ಡವರಿಗಾಗಿಯೇ ಕತೆ ಹೇಳುತ್ತಾರೆ. ಅದನ್ನು ಅನಿಮೆ ಎನ್ನುತ್ತಾರೆ. ಅಂತಹ ಒಂದು ಧಾರಾವಾಹಿಯ ಕುರಿತು ನಿಮ್ಮೊಡನೆ ಮಾತಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅದರ ಹೆಸರು ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’. 1998ರ ಜುಲೈಯಿಂದ ಸೆಪ್ಟೆಂಬರ್ ತನಕ ಟಿವಿ ಟೋಕಿಯೋದಲ್ಲಿ ತಡರಾತ್ರಿ ಪ್ರಸಾರವಾದ 13 ಕಂತುಗಳ ಕತೆ. ಬರೆದವರು ಚಿಯಾಕಿ ಕೊನಾಕ, ನಿರ್ದೇಶಿಸಿದವರು ರ್ಯೂತಾರೋ ನಕಮುರ. ಕಾಲೇಜಿಗೆ ಹೋಗುವ ನನ್ನ ಮಗಳು ರಾತ್ರಿಯ ಊಟದ ನಂತರ ಇದನ್ನು ನೋಡುತ್ತಿದ್ದಳು. ಏನು ನೋಡುತ್ತಾಳೆಂದು ತಿಳಿಯಲು ಪಕ್ಕದಲ್ಲಿ ಕುಳಿತವಳು ನಾನು. ದಿನಕ್ಕೆ ಎರಡರಂತೆ ಕೊನೆಯ ಕಂತಿನ ತನಕ ಕುಳಿತೆ.

ಕತೆಯ ಆರಂಭವೇ ಕತ್ತಲು. ಚಿಸಾ ಎಂಬ ಶಾಲಾ ಬಾಲಕಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕೆಲವು ದಿನಗಳ ಬಳಿಕ ಅವಳ ಸಹಪಾಠಿಗಳಿಗೆ ಅವಳಿಂದಲೇ ಇಮೇಲ್ ಬರತೊಡಗುತ್ತದೆ. ನಾನು ಸತ್ತಿಲ್ಲ, ದೇಹವನ್ನಷ್ಟೇ ಬಿಟ್ಟಿದ್ದೇನೆ ಎಂಬುದು ಅದರ ಸಾರ. ಈ ಸಂದೇಶ ಪಡೆದವರಲ್ಲಿ ಲೇನ್ ಇವಾಕುರಾ ಒಬ್ಬಳು. ಹದಿನಾಲ್ಕರ ಹುಡುಗಿ, ಮಾತು ಕಡಿಮೆ, ಗೆಳತಿಯರು ಇನ್ನೂ ಕಡಿಮೆ. ಹೊಸ ಕಂಪ್ಯೂಟರ್ ಬೇಕೆಂದು ತಂದೆಯಲ್ಲಿ ಕೇಳುತ್ತಾಳೆ. ತಂದೆ ಸಂತೋಷದಿಂದ ತಂದುಕೊಡುತ್ತಾನೆ. ಅಲ್ಲಿಂದ ಅವಳು ‘ವಯರ್ಡ್’ ಎಂಬ ಜಾಲದೊಳಗೆ ಇಳಿಯುತ್ತಾಳೆ. ಅದು ನಮ್ಮ ಇಂಟರ್‌ನೆಟ್‌ನಂತೆಯೇ ಇದೆ, ಆದರೆ ಅದಕ್ಕಿಂತ ಆಳ. ಕಂತು ಕಳೆದಂತೆ ಅವಳ ಪುಟ್ಟ ಕೋಣೆ ಯಂತ್ರ, ತಂತಿ, ಕೊಳವೆಗಳಿಂದ ತುಂಬಿಹೋಗುತ್ತದೆ. ಹಾಸಿಗೆಗೂ ಜಾಗವಿಲ್ಲ ಎಂಬಂತಾಗುತ್ತದೆ.

ನನ್ನನ್ನು ಹೆದರಿಸಿದ್ದು ಯಂತ್ರಗಳಲ್ಲ, ಆ ಮನೆ. ತಂದೆ ತನ್ನ ಪರದೆಗಳ ಸಾಲಿನ ಮುಂದೆ ಕುಳಿತು, ಅವುಗಳನ್ನೇ ನೋಡುತ್ತಾ ಮಗಳೊಡನೆ ಮಾತಾಡುತ್ತಾನೆ. ಲೇನ್ ಏನಾದರೂ ಹೇಳಿದರೆ ತಾಯಿಯ ಮುಖದಲ್ಲಿ ಉತ್ತರವಿಲ್ಲ. ಅಕ್ಕ ಅವಳ ಪಾಡಿಗೆ ಅವಳು. ಅಲ್ಲಿ ಜಗಳವಿಲ್ಲ, ಬಡತನವಿಲ್ಲ, ಏಟಿಲ್ಲ. ಒಬ್ಬರಿಗೊಬ್ಬರು ಇಲ್ಲ, ಅಷ್ಟೇ. ಹೊರಗೆ ವಿದ್ಯುತ್ ತಂತಿಗಳು ಗುಂಯ್‌ಗುಡುವ ಸದ್ದು ಮಾತ್ರ ಎಡೆಬಿಡದೆ ಕೇಳುತ್ತದೆ. ಇಂತಹ ಮನೆಗಳನ್ನು ನೀವೂ ನೋಡಿರಬಹುದು.

ಲೇನ್‌ಗೆ ಪ್ರೀತಿಯಿಂದ ಕೈಹಿಡಿದವಳು ಆಲಿಸ್ ಎಂಬ ಗೆಳತಿ ಒಬ್ಬಳೇ. ಎಂಟನೆಯ ಕಂತಿನಲ್ಲಿ ಆಲಿಸ್ ತನ್ನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಗುಟ್ಟೊಂದು ಜಾಲದಲ್ಲಿ ಹರಡಿಬಿಡುತ್ತದೆ. ಶಾಲೆಯೆಲ್ಲ ಅವಳನ್ನು ನೋಡಿ ಪಿಸುಗುಟ್ಟುತ್ತದೆ. ಹರಡಿದವಳು ಲೇನ್ ಎಂಬ ಮಾತು. ಅದು ನಾನಲ್ಲ ಎನ್ನುತ್ತಾಳೆ ಲೇನ್. ಆದರೆ ಜಾಲದೊಳಗೆ ಅವಳದೇ ಮುಖ, ಅವಳದೇ ಧ್ವನಿಯ ಇನ್ನೊಬ್ಬಳು ಇದ್ದಾಳೆ, ಇತರರ ನೋವನ್ನು ಕಂಡು ನಗುವವಳು. ಈಗ ಯಾರ ಮುಖವನ್ನಾದರೂ ಯಾರ ದೇಹಕ್ಕಾದರೂ ಅಂಟಿಸಿ ಹರಿಯಬಿಡುವ ಕಾಲ ಬಂದಿದೆಯಲ್ಲವೇ? ಇದನ್ನು ಬರೆದಾಗ ಫೇಸ್‌ಬುಕ್ ಬರಲು ಇನ್ನೂ ಆರು ವರ್ಷವಿತ್ತು, ವಾಟ್ಸಪ್ ಬರಲು ಹನ್ನೊಂದು ವರ್ಷ.

ಜಾಲದಲ್ಲಿ ಹುಟ್ಟಿದ ಸುಳ್ಳು ಜಾಲದಲ್ಲೇ ಉಳಿಯುವುದಿಲ್ಲ ಎಂಬುದು ಈ ಕತೆಯ ಜೀವಾಳ. ಅದು ಕಲ್ಪನೆಯೆಂದು ನಾವು ಸುಮ್ಮನಿರುವಂತಿಲ್ಲ. 2018ರ ಜುಲೈಯಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಪ್ ವದಂತಿಯನ್ನು ನಂಬಿದ ಗುಂಪೊಂದು ಹೈದರಾಬಾದಿನ ಯುವ ಇಂಜಿನಿಯರನೊಬ್ಬನನ್ನು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಸಂಶಯಕ್ಕೆ ಕಾರಣವಾಯಿತು. ಸಂದೇಶ ಮುಂದೂಡಿದ ಬೆರಳುಗಳಿಗೆ ರಕ್ತ ತಾಗಿರಲಿಲ್ಲ. ಆದರೆ ಒಂದು ಮನೆಯ ದೀಪ ಆರಿತು.

ಕತೆಯಲ್ಲಿ ಎಯ್ರಿ ಎಂಬ ವಿಜ್ಞಾನಿಯಿದ್ದಾನೆ. ತನ್ನ ನೆನಪುಗಳನ್ನೆಲ್ಲ ಜಾಲದೊಳಗೆ ಸೇರಿಸಿ, ದೇಹ ತೊರೆದು, ತಾನೇ ಅಲ್ಲಿಯ ದೇವರೆಂದು ಹೇಳಿಕೊಳ್ಳುತ್ತಾನೆ. ನಂಬುವವರು ಇರುವ ತನಕ ಮಾತ್ರ ಅವನ ದೇವತ್ವ! ಒಬ್ಬ ಬಾಲಕಿಯ ಪ್ರಶ್ನೆಯ ಮುಂದೆ ಅದು ನಿಲ್ಲುವುದಿಲ್ಲ. ಭೂಮಿಯ ವಾತಾವರಣದಲ್ಲಿ ಸುಮಾರು 8 ಹರ್ಟ್ಝ್‌ನಲ್ಲಿ ಮಿಡಿಯುವ ಶೂಮನ್ ಅನುರಣನ ನಿಜವಾದ ವಿಜ್ಞಾನ. ಅದರ ಮೂಲಕ ಮನುಷ್ಯರ ಮನಸ್ಸುಗಳನ್ನು ಯಂತ್ರವಿಲ್ಲದೆಯೇ ಬೆಸೆಯಬಹುದೆಂಬುದು ಬರೀ ಕಲ್ಪನೆ. ಆದರೆ ಎಂತಹ ಕಲ್ಪನೆ!

ಇವೆಲ್ಲಕ್ಕೂ ಉತ್ತರ ಹನ್ನೆರಡನೆಯ ಕಂತಿನಲ್ಲಿದೆ. ದೇಹವೇ ಬೇಡ ಎನ್ನುವ ಹಂತಕ್ಕೆ ಬಂದ ಲೇನ್‌ಳ ಮನೆಗೆ ಆಲಿಸ್ ಬರುತ್ತಾಳೆ, ಹೆದರಿಕೊಂಡೇ. ತಂತಿಗಳ ನಡುವೆ ನಡೆದು, ಗೆಳತಿಯ ಕೈಯನ್ನು ಹಿಡಿದು ತನ್ನ ಎದೆಯ ಮೇಲಿಡುತ್ತಾಳೆ. ಹೃದಯ ಹೊಡೆದುಕೊಳ್ಳುತ್ತಿದೆ. ವಾದವಿಲ್ಲ, ಉಪದೇಶವಿಲ್ಲ. ನನ್ನ ಮಗಳು ಆಗ ಏನೂ ಹೇಳದೆ ನನ್ನ ಭುಜಕ್ಕೆ ಒರಗಿದಳು. ಮುಂದಿನದನ್ನು ನಾನು ಹೇಳುವುದಿಲ್ಲ, ನೋಡುವವರಿಗೆ ಬಿಡುತ್ತೇನೆ.

ದೋಷಗಳನ್ನೂ ಹೇಳಬೇಕಲ್ಲ. ಕತೆ ಬಹಳ ನಿಧಾನ. ಎಲ್ಲೆಲ್ಲೋ ಕವಲೊಡೆಯುತ್ತದೆ. ಒಂಬತ್ತನೆಯ ಕಂತಿನಲ್ಲಿ ಅನ್ಯಗ್ರಹದ ಜೀವಿಗಳ ಸುದ್ದಿಯೂ ಬಂದು ತಲೆ ಕೆಡಿಸುತ್ತದೆ. ಆತ್ಮಹತ್ಯೆ, ಮಾದಕವಸ್ತು, ಗುಂಡಿನ ದಾಳಿ, ಮುಜುಗರ ತರುವ ಒಂದೆರಡು ದೃಶ್ಯಗಳಿವೆ. ಆದ್ದರಿಂದ ಇದು ಮಕ್ಕಳಿಗೆ ಖಂಡಿತ ಬೇಡ. ಕಾಲೇಜು ಓದುವವರು ನೋಡುವುದಾದರೆ ನೀವು ಜೊತೆಗಿರಿ. ಸತ್ತ ಹುಡುಗಿಯ ಆ ಮಾತು ಮನಸ್ಸು ಸೋತಿರುವ ಮಗುವಿನ ಕಿವಿಗೆ ಬಿದ್ದರೆ ಅಪಾಯ. ಅದು ಸುಳ್ಳೆಂದು ಕತೆ ತೋರಿಸಿಕೊಡುವುದು ಕೊನೆಗೆ. ಅಲ್ಲಿಯ ತನಕ ಪಕ್ಕದಲ್ಲಿ ಹಿರಿಯರೊಬ್ಬರು ಬೇಕು.

ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಕೊಡಿಸಿದವರು ನಾವೇ, ಲೇನ್‌ಳ ತಂದೆಯಂತೆ. ಆದರೆ ಮುಚ್ಚಿದ ಬಾಗಿಲಿನಾಚೆ ಮಗು ಯಾರೊಡನೆ ನಗುತ್ತಿದೆ, ಯಾವುದಕ್ಕೆ ಅಳುತ್ತಿದೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಲಿ. ಕೇಳುವಾಗ ನಮ್ಮ ಕೈಯಲ್ಲಿ ಮೊಬೈಲ್ ಇಲ್ಲದಿರಲಿ. ಇಂದು ರಾತ್ರಿ ಒಮ್ಮೆ ಆ ಬಾಗಿಲು ತಟ್ಟಿ ನೋಡುವಿರಾ?